ನಾಲ್ಕು ಸರೋವರ, ಒಂದು ನಲ್ಲಿ

ಮನೆ ಬಿಟ್ಟು ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುವವನು ನಾನು. ಬೀದಿಯ ಕೊನೆಯವರೆಗೆ ಹೋಗಿ, ಮನಸ್ಸು ತಡೆಯದೆ ಹಿಂದಿರುಗಿ ಬಂದು ನಾಲ್ಕನೆಯ ಸಲವೂ ಎಳೆಯುತ್ತೇನೆ. ಈಗ ಐವತ್ತು ದಾಟಿರುವುದರಿಂದ ಜನ ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗಿನ್ನೂ ನಲವತ್ತು. ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಆಗ ಇದೊಂದು ತಮಾಷೆಯ ವಿಷಯವಾಗಿತ್ತು. ನಾನು ಹಿಂದಿರುಗಿ ಬರುವುದನ್ನು ಕಂಡರೆ ಎದುರಿನ ಮೆಡಿಕಲ್ ಸ್ಟೋರಿನವರು ಕೌಂಟರಿನಿಂದಲೇ, "ಬೀಗ ಅಲ್ಲೇ ಇದೆ ಸಾರ್, ನಾನು ನೋಡ್ಕೋತಿದೀನಿ" ಎನ್ನುತ್ತಿದ್ದರು.

ಇಂಥವನು ಇಪ್ಪತ್ತೆರಡು ದಿನದ ಬಸ್ ಪ್ರವಾಸಕ್ಕೆ ಹೊರಟದ್ದು ಹೆಂಡತಿಗಾಗಿ. ಅವಳು ಕಂಡಿದ್ದ ಕೆರೆಗಳು ಎರಡೇ, ಸ್ಯಾಂಕಿ ಕೆರೆ ಮತ್ತು ಲಾಲ್‌ಬಾಗಿನ ಕೆರೆ. ಅಡುಗೆಮನೆಯ ಗೋಡೆಯ ಹಳೆಯ ಕ್ಯಾಲೆಂಡರಿನಲ್ಲಿ ಬೆಟ್ಟಗಳ ನಡುವಿನ ಒಂದು ಸರೋವರ, ಅದರಲ್ಲೊಂದು ದೋಣಿ ಇತ್ತು. ವರ್ಷ ಮುಗಿದು ಎಷ್ಟೋ ಕಾಲವಾದರೂ ಅವಳು ಅದನ್ನು ತೆಗೆದಿರಲಿಲ್ಲ. ಚಾಮರಾಜಪೇಟೆಯಿಂದ ಒಂದು ಪ್ರವಾಸದ ಬಸ್ಸು ಹೊರಡುತ್ತದೆ, ಉದಯಪುರ, ಪುಷ್ಕರ, ಚಂಡೀಗಢ, ನೈನಿತಾಲ್ ಎಲ್ಲ ತೋರಿಸುತ್ತದೆ, ಅಡುಗೆ ಭಟ್ಟರು ಅಕ್ಕಿ ಮೂಟೆಯ ಸಮೇತ ಜೊತೆಗೇ ಬರುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಧೈರ್ಯ ಇಳಿದುಹೋಗುವ ಮುಂಚೆಯೇ ಹೋಗಿ ಎರಡು ಸೀಟು ಹಿಡಿದುಬಂದೆ.

ನಮ್ಮದು ಬಾಡಿಗೆ ಮನೆ, ಇದ್ದವರು ನಾವಿಬ್ಬರೇ. ಮುಂದಿನ ಭಾಗದಲ್ಲಿ ಓನರಮ್ಮ, ಮಗಳ ಮದುವೆ ಮಾಡಿ ಒಂಟಿಯಾಗಿ ಉಳಿದಿದ್ದ ಎಪ್ಪತ್ತರ ಹತ್ತಿರದ ಹೆಂಗಸು. ಹಿಂದಿನ ಎರಡು ಕೋಣೆಯಲ್ಲಿ ನಾವು. ಮಧ್ಯಾಹ್ನ ನನ್ನ ಹೆಂಡತಿ ವೀಣೆ ಪಾಠ ಹೇಳುತ್ತಿದ್ದಳು. ನಮ್ಮ ಬೀದಿಯಿಂದ, ವೈಯಾಲಿಕಾವಲಿನಿಂದ ಏಳೆಂಟು ಹುಡುಗಿಯರು ಬರುತ್ತಿದ್ದರು. ವೀಣೆ ಅವಳ ತಾಯಿಯದು. ಹಲಸಿನ ಮರದ ಕೊಡ, ದಂಡಿಯ ತುದಿಯಲ್ಲಿ ಯಾಳಿಯ ಮುಖ. ಆ ಯಾಳಿಯ ಒಂದು ಕಿವಿ ಮುರಿದಿತ್ತು. ತಾಯಿ ಹೋದ ಮೇಲೆ ಅಕ್ಕಂದಿರು ಒಡವೆ ಹಂಚಿಕೊಂಡಾಗ ಇವಳು ಕೇಳಿದ್ದು ಅದೊಂದನ್ನೇ. ಬೆಳಿಗ್ಗೆ ಸ್ನಾನವಾದ ಮೇಲೆ ಅದರ ಮಂದ್ರದ ತಂತಿಯನ್ನು ಒಂದು ಸಲ ಮೀಟಿ, ಆ ದನಿ ಪೂರ್ತಿ ಅಡಗುವವರೆಗೆ ಕಣ್ಣು ಮುಚ್ಚಿ ಕೂರುವಳು. ಆಮೇಲೆ ಕಾಫಿ. ಮದುವೆಯಾದ ಹೊಸದರಲ್ಲಿ ಕಾಫಿ ತಡವಾಗುತ್ತದೆಂದು ಗೊಣಗಿದ್ದೆ. ಕ್ರಮೇಣ ಆ ದನಿ ಕೇಳದಿದ್ದರೆ ನನಗೂ ಬೆಳಗಾದಂತೆ ಅನ್ನಿಸುತ್ತಿರಲಿಲ್ಲ.

ಹೊರಡುವ ಹಿಂದಿನ ವಾರವೆಲ್ಲ ನಾನು ಮುನ್ನೆಚ್ಚರಿಕೆಯಲ್ಲಿ ಮುಳುಗಿದ್ದೆ. ಹಳೆಯ ಬೀಗದ ಮೇಲೆ ನಂಬಿಕೆ ಹೋಗಿ ಹೊಸದೊಂದನ್ನು ತಂದೆ. ಹಿತ್ತಲ ಚರಂಡಿಯಿಂದ ಹೆಗ್ಗಣ ನುಗ್ಗಬಾರದೆಂದು ಬಚ್ಚಲ ತೂಬಿಗೆ ಗೋಣಿಚೀಲದ ತುಂಡು ತುರುಕಿ ಮೇಲೊಂದು ಕಲ್ಲು ಹೇರಿದೆ. ವೀಣೆಯನ್ನು ಅವಳು ಯಾವಾಗಲೂ ಮಂಚದ ಮೇಲೆ ಮಲಗಿಸುವುದು ರೂಢಿ.

"ಮಂಚದ ಮೇಲೆ ಬೇಡವೇ. ಬೆಕ್ಕು ಗಿಕ್ಕು ಹತ್ತಿ ಕೆಳಗೆ ಬಿದ್ರೆ?" ಎಂದೆ.

"ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಮೇಲೆ ಬೆಕ್ಕು ಎಲ್ಲಿಂದ ಬರುತ್ತೆ, ರೀ?"

"ಬರಲ್ಲ. ಬಂದ್ರೆ?"

ಅವಳು ಹಾಲಿನ ನೆಲದ ಮೇಲೆ ಚಾಪೆ ಹಾಸಿ, ಹಳೆಯ ರೇಷ್ಮೆ ಸೀರೆ ಸುತ್ತಿ, ಮೇಲೆ ಕಂಬಳಿ ಹೊದಿಸಿ ಅಲ್ಲೇ ಮಲಗಿಸಿದಳು. ನೆಲದಿಂದ ಕೆಳಗೆ ಬೀಳಲು ಜಾಗವಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟೆ.

ಆ ಕಾಲದಲ್ಲಿ ನಮ್ಮ ಕಡೆ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಯಾವ ಹೊತ್ತಿಗೆ ಎಂಬುದು ಮಾತ್ರ ನೀರಿನ ಇಷ್ಟ. ಅದಕ್ಕೆ ಎಲ್ಲರ ಮನೆಯಲ್ಲೂ ಒಂದೇ ಉಪಾಯ: ಮಲಗುವ ಮುಂಚೆ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಕೆಳಗೆ ಅಲ್ಯೂಮಿನಿಯಂ ತಟ್ಟೆಯೊಂದನ್ನು ಬೋರಲು ಹಾಕುವುದು. ನೀರು ಬಂತೆಂದರೆ ತಟ್ಟೆ ಠಣಠಣ ಎಂದು ಮನೆಯವರನ್ನು ಎಬ್ಬಿಸುತ್ತದೆ. ಎದ್ದು ಹೋಗಿ ಹಂಡೆ ತುಂಬಿಸುವುದು. ಹೊರಡುವ ಹಿಂದಿನ ರಾತ್ರಿಯೂ ಅಭ್ಯಾಸದಂತೆ ಅವಳು ತಟ್ಟೆ ಇಟ್ಟಳು, ನಾನು ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ. ಹಂಡೆಯಲ್ಲಿದ್ದದ್ದರಲ್ಲೇ ಸ್ನಾನ ಮುಗಿಸಿ, ಗ್ಯಾಸು ಎರಡು ಸಲ ನೋಡಿ, ಮೇನ್ ಸ್ವಿಚ್ ಇಳಿಸಿ, ಹೊಸ ಬೀಗವನ್ನು ನಾಲ್ಕು ಸಲ ಎಳೆದು ಆಟೋ ಹತ್ತಿದೆವು. ನೀರಿಲ್ಲದ ನಲ್ಲಿ ತೆರೆದಿದ್ದರೂ ಮುಚ್ಚಿದ್ದರೂ ನೋಡಲು ಒಂದೇ ಥರ. ಅದನ್ನು ನಿಲ್ಲಿಸುವುದು ನನ್ನ ಕೆಲಸವಾಗಿತ್ತು.

ನಾಲ್ಕು ದಿನ ನಾನು ಸುಖವಾಗಿದ್ದೆ. ನನ್ನ ಲೆಕ್ಕದಲ್ಲಿ ಅದು ದೊಡ್ಡ ಅವಧಿ. ಬಸ್ಸು ಹುಬ್ಬಳ್ಳಿ, ಪುಣೆ ದಾಟಿ, ಗುಜರಾತಿನ ಬಿಸಿಲಿನಲ್ಲಿ ಬೆಂದು ಉದಯಪುರ ಮುಟ್ಟಿತು. ಛತ್ರದ ಕೋಣೆಯಲ್ಲಿ ಚೀಲ ಇಳಿಸುತ್ತಾ ಅವಳು, "ನಲ್ಲೀಲಿ ನೀರಿದೆಯಾ ನೋಡಿ, ಮುಖ ತೊಳೀಬೇಕು" ಎಂದಳು. ತಿರುಗಿಸಿದೆ. ನೀರು ಬರಲಿಲ್ಲ. ಬರೀ ಗಾಳಿ, ಗೊರಗೊರ ಎಂದು ಕೆಮ್ಮಿತು.

ಆ ಸದ್ದಿಗೆ ನಮ್ಮ ಬಚ್ಚಲು, ತಟ್ಟೆ, ನಲ್ಲಿಯ ಹಿತ್ತಾಳೆ ಹಿಡಿ ಕಣ್ಣ ಮುಂದೆ ನಿಂತವು. ಹಿಡಿ ಗೋಡೆಗೆ ಅಡ್ಡಲಾಗಿತ್ತು. ಅಡ್ಡಲಾಗಿದ್ದರೆ ತೆರೆದಿದೆ ಎಂದರ್ಥ. ತೂಬು ಮುಚ್ಚಿದೆ. ಬಚ್ಚಲು ತುಂಬಿದರೆ ನೀರು ಹಾಲಿಗೆ ಬರುತ್ತದೆ. ಹಾಲಿನಲ್ಲಿ ಏನಿದೆ ಎಂಬುದನ್ನು ನಾನು ಯೋಚಿಸಲು ಹೋಗಲಿಲ್ಲ. ಅದು ತಾನಾಗಿಯೇ ಬಂತು.

"ನೀರಿಲ್ವಾ?" ಎಂದಳು ಒಳಗಿನಿಂದ.

"ಇಲ್ಲ" ಎಂದೆ.

"ಹಾಗಾದ್ರೆ ನಿಲ್ಲಿಸಿ ಬನ್ನಿ. ಆಮೇಲೆ ಬಂದು ಹರಿದ್ಹೋಗುತ್ತೆ."

ಆ ಸಂಜೆ ಎಲ್ಲರೂ ಸರೋವರದ ದಂಡೆಯಲ್ಲಿ ನಿಂತೆವು. ನಮ್ಮ ಹಿಂದಿನ ಸೀಟಿನಲ್ಲಿ ಬಸವನಗುಡಿಯ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಎಲ್ಲವನ್ನೂ ವಿವರಿಸುವ ಅಭ್ಯಾಸ ಅವರಿಗೆ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ನೀರಿನ ನಡುವೆ ನಿಂತ ಬಿಳಿಯ ಅರಮನೆಯತ್ತ ಕೈ ತೋರಿಸಿ, "ನೋಡಿ ಸ್ವಾಮಿ, ನಾಲ್ಕೂ ಕಡೆ ನೀರು, ಮಧ್ಯದಲ್ಲಿ ಮನೆ. ಹೀಗಿರಬೇಕು ನೋಡಿ" ಎಂದರು.

"ಇರಬೇಕು" ಎಂದೆ. ಅರಮನೆಗೆ ಬೆನ್ನು ಹಾಕಿ ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟೆ.

"ಮೈ ಹುಷಾರಿಲ್ವಾ?"

"ಗ್ಯಾಸು."

ಆಗಲೇ ಒಂದು ಟೆಲಿಗ್ರಾಂ ಕೊಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಕೊಡಲಿಲ್ಲ. ನನಗೆ ನಾನೇ ಕೊಟ್ಟುಕೊಂಡ ನೆಪಗಳು ಹಲವು. ಓನರಮ್ಮನಿಗೆ ಬಿ.ಪಿ.; ನಮ್ಮ ಕಡೆ ಟೆಲಿಗ್ರಾಂ ಎಂದರೆ ಯಾರೋ ಹೋದರು ಎಂದೇ ಲೆಕ್ಕ. ಪುಣ್ಯಕ್ಕೆ ನೀರೇ ಬಂದಿಲ್ಲದಿರಬಹುದು. ಹಿಡಿ ನಿಜವಾಗಿ ಅಡ್ಡಲಾಗಿತ್ತೇ, ನನ್ನ ಭ್ರಮೆಯೇ? ಇವೆಲ್ಲದರ ಅಡಿಯಲ್ಲಿದ್ದದ್ದು ಒಂದೇ ಭಯ. ಟೆಲಿಗ್ರಾಂ ಕೊಟ್ಟರೆ ಅವಳಿಗೆ ಗೊತ್ತಾಗುತ್ತದೆ. ಅವಳು ಆ ದಂಡೆಯ ಮೇಲೆ ಚಪ್ಪಲಿ ಬಿಚ್ಚಿಟ್ಟು, ಪಾದ ನೀರಿಗಿಳಿಸಿ, ಇಪ್ಪತ್ತರ ಹುಡುಗಿಯ ಹಾಗೆ ಕೂತಿದ್ದಳು.

ಪುಷ್ಕರದಲ್ಲಿ ಸರೋವರದ ಮೆಟ್ಟಿಲಿಳಿದು ಮೂರು ಮುಳುಗು ಹಾಕಿದಳು. ಒದ್ದೆ ಸೆರಗು ಹಿಂಡಿಕೊಳ್ಳುತ್ತಾ, "ಇಲ್ಲಿ ಏನು ಬೇಡ್ಕೊಂಡ್ರೂ ಆಗುತ್ತಂತೆ. ಬೇಡ್ಕೊಳ್ಳಿ" ಎಂದಳು. ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ಕೈಮುಗಿದು ಬೇಡಿಕೊಂಡೆ: ದೇವರೇ, ಬೆಂಗಳೂರಿಗೆ ನೀರು ಬರದ ಹಾಗೆ ಮಾಡು. ಪೈಪು ಒಡೆಯಲಿ, ಪಂಪು ಕೆಡಲಿ. ಇಡೀ ಊರಿನ ಜನ ಖಾಲಿ ಕೊಡ ಹಿಡಿದು ಬೀದಿಯಲ್ಲಿ ನಿಂತರೂ ಪರವಾಗಿಲ್ಲ. ನೀರಿನಲ್ಲಿ ನಿಂತು ಇಂಥದ್ದನ್ನು ಬೇಡಿದವನು ಆ ಮೆಟ್ಟಿಲುಗಳ ಮೇಲೆ ನಾನೊಬ್ಬನೇ ಇರಬೇಕು.

"ಏನು ಕೇಳಿದ್ರಿ?"

"ಎಲ್ಲರಿಗೂ ಒಳ್ಳೇದಾಗ್ಲಿ ಅಂತ."

ಚಂಡೀಗಢಕ್ಕೆ ಬರುವಷ್ಟರಲ್ಲಿ ನನ್ನ ನಿದ್ದೆ ಕೆಟ್ಟಿತ್ತು. ಅಲ್ಲಿ ಗುಲಾಬಿ ತೋಟ ನೋಡಿ, ಸರೋವರ ನೋಡಿ, ಎರಡು ಗಂಟೆಗೆ ಬಸ್ಸು ಹೊರಡಬೇಕು. ಎದೆಯುರಿಯ ಮಾತ್ರೆ ನುಂಗಲು ಚೀಲಕ್ಕೆ ಕೈ ಹಾಕಿದಾಗ ಮಾತ್ರೆಯ ಕಾಗದದ ಕವರು ಸಿಕ್ಕಿತು. ಅದರ ಮೇಲೆ ನಮ್ಮ ಎದುರಿನ ಮೆಡಿಕಲ್ ಸ್ಟೋರಿನ ಹೆಸರು, ಕೆಳಗೆ ಫೋನ್ ನಂಬರು. ಹೊಟ್ಟೆ ಸರಿಯಿಲ್ಲ, ಸ್ವಲ್ಪ ಕೂತು ಬರುತ್ತೇನೆಂದು ಅವಳಿಗೆ ಸುಳ್ಳು ಹೇಳಿ, ವಿಚಾರಿಸುತ್ತಾ ಟೆಲಿಫೋನ್ ಕಚೇರಿಗೆ ಓಡಿದೆ. ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಒಂದೂವರೆಗೆ ಕಿಟಕಿಗೆ ಹೋಗಿ ನನ್ನ ಆಫೀಸ್ ಹಿಂದಿಯಲ್ಲಿ ಕೇಳಿದೆ. ಅವನು ತಲೆಯೆತ್ತದೆ, "ಲೈನ್ ಬ್ಯುಸಿ" ಎಂದ. ಎರಡು ದಾಟಿ ಹತ್ತು ನಿಮಿಷವಾದಾಗ, ನಾನು ದಾರಿ ಕೇಳಿದವರನ್ನೇ ಕೇಳಿಕೊಂಡು ಬಂದ ಮೇಷ್ಟ್ರು ಏದುಸಿರು ಬಿಡುತ್ತಾ ಬಾಗಿಲಲ್ಲಿ ಕಾಣಿಸಿಕೊಂಡರು.

"ಏನ್ರೀ ಇದು, ಹೊಟ್ಟೆ ಸರಿಯಿಲ್ಲ ಅಂತ ಇಲ್ಲಿ ಬಂದು ಕೂತಿದ್ದೀರಿ? ಇಡೀ ಬಸ್ಸು ಕಾಯ್ತಿದೆ. ನಿಮ್ಮ ಮನೆಯವರು ಅಳೋದೊಂದು ಬಾಕಿ."

"ಮೇಷ್ಟ್ರೇ, ಅವಳಿಗೆ ಹೇಳ್ಬೇಡಿ" ಎಂದೆ. ನಲ್ಲಿಯ ವಿಷಯ ಅವರಿಗೆ ಹೇಳಿಬಿಟ್ಟೆ, ವೀಣೆಯದನ್ನೂ.

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರಿಗೆ ವಿವರಿಸಲು ಏನೂ ಉಳಿದಿರಲಿಲ್ಲ. "ಟೆಲಿಗ್ರಾಂ ಕೊಡಿ" ಎಂದಷ್ಟೇ ಹೇಳಿ ನನ್ನ ಕೈ ಹಿಡಿದು ಬಸ್ಸಿಗೆ ಕರೆದೊಯ್ದರು.

ಬಸ್ಸು ಬೆಟ್ಟ ಹತ್ತಿ ನೈನಿತಾಲ್ ಮುಟ್ಟಿದ್ದು ಹನ್ನೊಂದನೆಯ ದಿನ. ಕ್ಯಾಲೆಂಡರಿನ ಸರೋವರ ಅದೇ ಎಂದು ಅವಳು ಹಟ ಹಿಡಿದಳು. ಅಲ್ಲವೆಂದು ನನಗೆ ಗೊತ್ತಿತ್ತು; ಕ್ಯಾಲೆಂಡರಿನ ಬೆಟ್ಟದ ಮೇಲೆ ಹಿಮವಿತ್ತು, ಇಲ್ಲಿ ಬರೀ ಮರ. ನಾನು ಹೂಂ ಎಂದೆ. ಭಟ್ಟರು ಉಪ್ಪಿಟ್ಟು ಬಡಿಸುವ ಹೊತ್ತಿನಲ್ಲಿ ಮೆಲ್ಲನೆ ಜಾರಿ ಟೆಲಿಗ್ರಾಂ ಕಚೇರಿಗೆ ಹೋಗಿ ಓನರಮ್ಮನ ವಿಳಾಸ ಬರೆದೆ. ಬೀಗ ಒಡೆಯಿರಿ, ಬಚ್ಚಲ ನಲ್ಲಿ ನಿಲ್ಲಿಸಿ, ವೀಣೆ ಎತ್ತಿಡಿ, ನಾವು ಕ್ಷೇಮ. ಕಚೇರಿಯ ಮುದುಕ ಅದನ್ನು ಓದಿ, ಮತ್ತೊಮ್ಮೆ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಇಷ್ಟು ದೂರ ಬಂದು ನಲ್ಲಿಯ ಚಿಂತೆಯೇ ಬಾಬೂಜಿ ಎಂಬರ್ಥದ ಏನೋ ಕೇಳಿದ. ನಾನು ದುಡ್ಡು ಎಣಿಸಿ ಕೊಟ್ಟೆ.

ತಿರುಗಿ ಬರುವಾಗ ಅವಳು ದೋಣಿಗಳ ಹತ್ತಿರ ನಿಂತಿದ್ದಳು. ದೋಣಿ ಹತ್ತಿ ಕೂತೆವು. ನಡು ಸರೋವರಕ್ಕೆ ಬಂದ ಮೇಲೆ ಕೇಳಿದಳು.

"ಯಾರಿಗೆ ಟೆಲಿಗ್ರಾಂ ಕೊಟ್ರಿ?"

"ನಾನೆಲ್ಲಿ..."

"ನಿಮ್ಮ ಬೆರಳಿಗೆ ಅವರ ಪೆನ್ನಿನ ಇಂಕು ಮೆತ್ತಿದೆ, ರೀ. ಉದಯಪುರದಿಂದ ನೋಡ್ತಿದೀನಿ. ಊಟ ಮಾಡಲ್ಲ, ನಿದ್ದೆ ಮಾಡಲ್ಲ. ಚಂಡೀಗಢದಲ್ಲಿ ಡಾಕ್ಟರ ಹತ್ರ ಹೋಗಿದ್ರಾ? ಏನಾದ್ರೂ ದೊಡ್ಡದಾ? ಹೇಳ್ಬಿಡಿ."

ಅವಳ ಧ್ವನಿ ಕೇಳಿದಾಗ ಗೊತ್ತಾಯಿತು. ಇಷ್ಟು ದಿನವೂ ಅವಳು ನನಗೆ ಯಾವುದೋ ಕಾಯಿಲೆಯೆಂದು ಹೆದರಿ ಒಳಗೊಳಗೇ ಬೆಂದಿದ್ದಳು. ಸರೋವರಗಳನ್ನು ಅವಳೂ ಸರಿಯಾಗಿ ನೋಡಿರಲಿಲ್ಲ.

ಹೇಳಿದೆ. ನಲ್ಲಿ, ತೂಬಿನ ಗೋಣಿಚೀಲ, ಎಲ್ಲ. ಕೊನೆಯದನ್ನು ಹೇಳಬೇಕಾಗಲಿಲ್ಲ, ಹಾಲಿನ ನೆಲದ ಮೇಲೆ ಏನಿದೆಯೆಂದು ಅವಳಿಗೇ ಗೊತ್ತಿತ್ತು. ದೋಣಿಯವನು ಹುಟ್ಟು ಹಾಕುತ್ತಾ ಏನೋ ಹಾಡು ಗುನುಗುತ್ತಿದ್ದ. ಅವಳು ಸೆರಗನ್ನು ಎಳೆದು ಹೊದ್ದುಕೊಂಡಳು.

"ಉದಯಪುರದಲ್ಲೇ ಕೊಡಬಹುದಿತ್ತಲ್ಲ."

"ನಿನಗೆ ಗೊತ್ತಾಗಿಬಿಡುತ್ತೆ ಅಂತ..."

"ಹೂಂ."

ನನ್ನ ಕಡೆ ತಿರುಗಿ, "ಈಗ ಇಲ್ಲಿ ಕೂತು ನಾವೇನಾದ್ರೂ ಮಾಡೋಕಾಗುತ್ತಾ?" ಎಂದಳು.

"ಇಲ್ಲ."

"ಹಾಗಾದ್ರೆ ಆ ಕಡೆ ನೋಡಿ. ದೇವಸ್ಥಾನ ಇದೆ, ನೀವು ನೋಡೇ ಇಲ್ಲ."

ನೋಡಿದೆ. ಆಮೇಲಿನ ಹನ್ನೊಂದು ದಿನ ಅವಳು ಆ ಮಾತೆತ್ತಲಿಲ್ಲ. ಭಟ್ಟರ ಸಾರು ಚೆನ್ನಾಗಿದೆಯೆಂದಳು, ದೆಹಲಿಯಲ್ಲಿ ಬಳೆ ಕೊಂಡಳು, ಆಗ್ರಾದಲ್ಲಿ ಎಲ್ಲರ ಜೊತೆ ಫೋಟೋಕ್ಕೆ ನಿಂತಳು. ಬಸ್ಸು ಓಡುವಾಗ ಮಾತ್ರ ಅವಳ ಎಡಗೈ ಬೆರಳುಗಳು ಸೆರಗಿನಡಿಯಲ್ಲಿ ತೊಡೆಯ ಮೇಲೆ ಒತ್ತುತ್ತಾ, ಜಾರುತ್ತಾ ಇದ್ದವು. ಅದು ಯಾವ ಪಾಠವೆಂದು ನಾನು ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ಆ ಕೈ ಹಿಡಿಯಬಹುದಿತ್ತು. ಹಿಡಿದರೆ ಪಾಠ ನಿಂತುಹೋದೀತೆಂದು ಅದಕ್ಕೂ ಹೆದರಿದೆ.

ಮನೆ ತಲುಪಿದಾಗ ಮಧ್ಯಾಹ್ನ. ನಮ್ಮ ಬಾಗಿಲಿಗೆ ನನ್ನ ಹೊಸ ಬೀಗವಿರಲಿಲ್ಲ, ಓನರಮ್ಮನ ಹಳೆಯ ಬೀಗ ನೇತಾಡುತ್ತಿತ್ತು. ಅವರು ಜಗಲಿಯ ಮೇಲೆ ಬಂದು ನಿಂತರು. ಮೊದಲು ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು.

"ಇಬ್ರೂ ಇದೀರಲ್ಲ. ಟೆಲಿಗ್ರಾಂ ಅಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಪೋಸ್ಟಿನವನೇ ಓದಿ ಹೇಳಿದ. ಅವನೇ ಬೀಗಾನೂ ಒಡೆದುಕೊಟ್ಟ, ಪುಣ್ಯಾತ್ಮ."

"ತುಂಬ ನೀರಿತ್ತಾ ಅಮ್ಮಾ?" ಎಂದೆ.

"ಕಣಕಾಲು ಮಟ್ಟ. ಹೊಸ್ತಿಲು ಎತ್ತರ ನೋಡು, ಹೊರಗೆ ಒಂದು ಹನಿ ಬರ್ಲಿಲ್ಲ." ಆಮೇಲೆ ಅವರ ಧ್ವನಿ ಬದಲಾಯಿತು. "ನೀವು ಹೋದ ಮಾರನೇ ದಿನಾನೇ ತಟ್ಟೆ ಸದ್ದು ಕೇಳಿಸ್ತಪ್ಪ ನನಗೆ. ಠಣಠಣ ಅಂತ. ಅಯ್ಯೋ ನಲ್ಲಿ ಬಿಟ್ಟು ಹೋಗಿದ್ದಾರೆ ಅಂತ ನನ್ನ ಹತ್ರ ಇದ್ದ ಬೀಗದ ಕೈ ತಗೊಂಡು ಓಡಿಬಂದೆ. ಹಾಕಿದ್ರೆ ಹೋಗಲ್ಲ. ನೋಡ್ತೀನಿ, ಹೊಸ ಬೀಗ. ಹೊರಗಿನ ವಾಲ್ವು ತಿರುಗಿಸೋಣ ಅಂದ್ರೆ ತುಕ್ಕು ಹಿಡಿದು ಕೂತಿದೆ. ಸ್ವಲ್ಪ ಹೊತ್ತಿಗೆ ಸದ್ದೂ ನಿಂತುಹೋಯ್ತು. ತಟ್ಟೆ ಮುಳುಗಿತ್ತೋ ಏನೋ."

"ಒಡೆದುಬಿಡಬೇಕಿತ್ತು ನೀವು."

"ಹೇಗಪ್ಪಾ ಒಡೀಲಿ? ಹತ್ತು ವರ್ಷದಿಂದ ನನ್ನ ಹತ್ರ ಕೀ ಕೊಟ್ಟಿದ್ದವರು ಹೋಗೋವಾಗ ಬೇರೆ ಬೀಗ ಹಾಕ್ಕೊಂಡು ಹೋಗಿದ್ದೀರಿ. ನಾನು ಒಳಗೆ ಬರಬಾರದು ಅಂತಲೇ ಅಲ್ವೇ ಅದರ ಅರ್ಥ?"

ನನಗೆ ಆ ಯೋಚನೆಯೇ ಬಂದಿರಲಿಲ್ಲವೆಂದು ಹೇಳಬೇಕೆಂದುಕೊಂಡೆ. ಕಳ್ಳ, ಹೆಗ್ಗಣ, ಬೆಕ್ಕು, ಎಲ್ಲರನ್ನೂ ಯೋಚಿಸಿದ್ದೆ, ಇವರನ್ನು ಬಿಟ್ಟು. ಬಾಯಿಂದ ಬಂದದ್ದು, "ತಪ್ಪಾಯ್ತಮ್ಮ" ಅಷ್ಟೇ.

ಅವರು ವೀಣೆಯನ್ನು ತಮ್ಮ ಕೋಣೆಯ ನೆರಳಿನಲ್ಲಿ, ಫ್ಯಾನಿನ ಕೆಳಗೆ ಎರಡು ದಿಂಬಿನ ಮೇಲೆ ಇಟ್ಟಿದ್ದರು. ಬಿಸಿಲಿಗೆ ಇಡಬೇಡಿ ಎಂದು ಪಾಠಕ್ಕೆ ಬರುವ ಹುಡುಗಿಯೊಬ್ಬಳು ಹೇಳಿದ್ದಳಂತೆ. ಕೊಡದ ಕೆಳಭಾಗ ಕಪ್ಪಿಟ್ಟು ಉಬ್ಬಿತ್ತು. ದಂಡಿ ಸೇರುವಲ್ಲಿ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ದಂಡಿಯಡಿಯ ಸೋರೆ ಬುರುಡೆ ಮೆತ್ತಗಾಗಿ ಒಂದು ಕಡೆ ಕುಸಿದಿತ್ತು. ಕಿವಿ ಮುರಿದ ಯಾಳಿ ಮಾತ್ರ ಮೊದಲಿನ ಹಾಗೇ ಇತ್ತು. ನನ್ನ ಹೆಂಡತಿ ಅದರ ಮುಂದೆ ಕೂತು ಆ ಬಿರುಕಿನ ಮೇಲೆ ಅಂಗೈ ಇಟ್ಟಳು. ಮಂದ್ರದ ತಂತಿ ಮೀಟಲಿಲ್ಲ.

"ಕಾಫಿ ಕುಡೀತೀಯೇನೇ?" ಎಂದು ಓನರಮ್ಮ ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು.

ಮಾರನೆಯ ದಿನ ವೀಣೆಯನ್ನು ಬಳೇಪೇಟೆಗೆ ಒಯ್ದೆವು. ಕೈಗಾಡಿಗಳ ಸಂದಿಯಲ್ಲಿ, ವಾದ್ಯ ರಿಪೇರಿ ಮಾಡುವ ಒಂದು ಕಿರಿದಾದ ಅಂಗಡಿ. ಯಜಮಾನರು ಕೊಡವನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು, ಮತ್ತೊಂದು ಕಡೆ ತಟ್ಟಿದರು.

"ಎಷ್ಟು ದಿನ ನೀರಲ್ಲಿತ್ತು ತಾಯೀ?"

ಅವಳು ನನ್ನ ಕಡೆ ನೋಡಲಿಲ್ಲ. "ಹತ್ತು ಹನ್ನೆರಡು ದಿನ."

"ಎರಡು ಮೂರು ದಿನದಲ್ಲಿ ತಂದಿದ್ರೆ ಮಾತೇ ಬೇರೆ. ಈಗ ಕೂಡಿಸಿಕೊಡ್ತೀನಿ, ಹೊಸ ಬುರುಡೆ ಹಾಕ್ತೀನಿ. ನೋಡೋಕೆ ಗೊತ್ತಾಗಲ್ಲ. ನಾದ ಮಾತ್ರ ನನ್ನ ಕೈಲಿಲ್ಲ."

"ಕೂಡಿಸಿ" ಎಂದಳು.

ಎರಡು ತಿಂಗಳಾದ ಮೇಲೆ ವೀಣೆ ಮನೆಗೆ ಬಂತು. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕೂತಳು. ನಾನು ಬಾಗಿಲ ಹತ್ತಿರ ಪೇಪರು ಹಿಡಿದು, ಅದನ್ನು ಓದದೆ ನಿಂತಿದ್ದೆ. ಮಂದ್ರದ ತಂತಿ ಮೀಟಿದಳು. ದನಿ ಹೊರಟಿತು, ಆದರೆ ಮೊದಲಿನಂತೆ ನಿಧಾನವಾಗಿ ಕರಗಲಿಲ್ಲ. ನಡುವೆ ಎಲ್ಲೋ ಒರಟಾಗಿ, ಗಂಟಲು ಕಟ್ಟಿದವರ ಹಾಗೆ ನಿಂತುಬಿಟ್ಟಿತು. ಅವಳು ಕಣ್ಣು ತೆರೆಯಲಿಲ್ಲ. ದನಿ ಮುಗಿದ ಮೇಲೂ, ಹಿಂದೆ ಅದು ಎಷ್ಟು ಹೊತ್ತು ಇರುತ್ತಿತ್ತೋ ಅಷ್ಟು ಹೊತ್ತೂ ಕೂತಳು.

"ವ್ಯತ್ಯಾಸ ಗೊತ್ತಾಗುತ್ತಾ?" ಎಂದು ಕೇಳಿದಳು.

"ಇಲ್ಲ. ಹಾಗೇ ಇದೆ."

"ಹೂಂ, ನನಗೂ ಗೊತ್ತಾಗಲ್ಲ" ಎಂದು ಕಾಫಿಗೆ ಎದ್ದಳು.

ಹದಿನೈದು ವರ್ಷವಾಯಿತು. ನಮ್ಮ ಬೀಗದ ಕೈ ಈಗ ಮುಂದಿನ ಭಾಗಕ್ಕೆ ಬಂದಿರುವ ಓನರಮ್ಮನ ಮಗಳ ಹತ್ತಿರ ಒಂದು, ಮೆಡಿಕಲ್ ಸ್ಟೋರಿನಲ್ಲಿ ಒಂದು ಇದೆ. ತೂಬಿಗೆ ಏನೂ ತುರುಕುವುದಿಲ್ಲ. ಹೆಗ್ಗಣ ಬಂದರೆ ಬರಲಿ. ನೀರು ಮಾತ್ರ ಇನ್ನೂ ದಿನ ಬಿಟ್ಟು ದಿನವೇ. ರಾತ್ರಿ ಅವಳು ತಟ್ಟೆ ಬೋರಲು ಹಾಕುತ್ತಾಳೆ, ನಾನು ನಲ್ಲಿ ತಿರುಗಿಸುತ್ತೇನೆ. ಬೇರೆ ದಾರಿಯಿಲ್ಲ, ಬೆಳಿಗ್ಗೆಗೆ ನೀರು ಬೇಕಲ್ಲ. ನಾನು ಮಲಗಿ ಸದ್ದಿಗಾಗಿ ಕಾಯುತ್ತೇನೆ. ವೀಣೆ ಮಂಚದ ಮೇಲೆ, ನಮ್ಮಿಬ್ಬರ ಹಾಸಿಗೆ ನೆಲದ ಮೇಲೆ.